ತೋಟದ ದಾಖಲೆಗಳಿಗೆ ಯಾವ ಡಿಸ್ಕ್ ಒಳ್ಳೆಯದು?

ಪಹಣಿ, ಸರ್ವೆ ನಕ್ಷೆ, ಪಾಲುಪತ್ರ, ಆಳುಗಳ ಹಾಜರಿ ಪುಸ್ತಕ, ಮಾರಾಟದ ಬಿಲ್ಲು, ವರ್ಷ ವರ್ಷದ ಮಳೆ ಲೆಕ್ಕ ಇವೆಲ್ಲವೂ ಹಿಂದೆ ಮನೆಯ ಮರದ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಗೆದ್ದಲು ಮತ್ತು ಬೂಸ್ಟು ಅವುಗಳ ಶತ್ರುಗಳಾಗಿದ್ದವು. ಈಗ ಅನೇಕ ಬೆಳೆಗಾರರು ಇವುಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಡುತ್ತಿದ್ದಾರೆ. ಒಣಗಿಸುವ ಕಣಕ್ಕೆ ಕಾವಲಾಗಿ ಕ್ಯಾಮರಾ ಹಾಕಿಸಿದವರೂ ಇದ್ದಾರೆ. ಹೀಗೆ ಸಂಗ್ರಹ ಬೆಳೆದು ಜಾಗ ಸಾಲದಾದಾಗ, ಹಾರ್ಡ್ ಡಿಸ್ಕ್ ಕೊಳ್ಳಬೇಕೋ ಎಸ್‌ಎಸ್‌ಡಿ ಕೊಳ್ಳಬೇಕೋ ಎಂಬ ಪ್ರಶ್ನೆ ಏಳುತ್ತದೆ. ಹಣ ಖರ್ಚು ಮಾಡುವ ಮೊದಲು ಎರಡರ ಗುಣದೋಷಗಳನ್ನು ತಿಳಿದಿರುವುದು ಹಿತಕರ.

ಹಾರ್ಡ್ ಡಿಸ್ಕಿನೊಳಗೆ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತವೆ. ಅವುಗಳಿಗೆ ತಾಗದಂತೆ, ಕೂದಲೆಳೆಗಿಂತ ಸಾವಿರಾರು ಪಟ್ಟು ಕಡಿಮೆ ಅಂತರದಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. 1956ರಲ್ಲಿ ಐಬಿಎಂ ಕಂಪೆನಿ ಹೊರತಂದ ಮೊದಲ ಯಂತ್ರದಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದರೂ ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರಗಳು ಮಾತ್ರ. ಇಂದು ಮೊಬೈಲಿನ ಒಂದೇ ಚಿತ್ರಕ್ಕೆ ಅಷ್ಟು ಜಾಗ ಬೇಕು.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಸಿಲಿಕಾನ್ ಚಿಪ್ಪಿನ ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಹಿಡಿದಿಟ್ಟು ಮಾಹಿತಿ ಉಳಿಸಲಾಗುತ್ತದೆ. ಆದುದರಿಂದ ಇದು ಬಹಳ ಚುರುಕು, ಕೈಜಾರಿ ಬಿದ್ದರೂ ಹಾಳಾಗುವ ಸಂಭವ ಕಡಿಮೆ. ದಿನನಿತ್ಯ ಕೆಲಸ ಮಾಡುವ ಕಂಪ್ಯೂಟರಿನೊಳಗೆ ಇದೇ ಇರಬೇಕು. ನಿಧಾನವಾದ ಹಳೆಯ ಕಂಪ್ಯೂಟರಿಗೆ ಇದೊಂದನ್ನು ಹಾಕಿಸಿದರೆ ಹೊಸದನ್ನು ಕೊಳ್ಳುವ ಅಗತ್ಯವೇ ಬಾರದಿರಬಹುದು.

ಆದರೆ ರಾಶಿ ಹಾಕಿಡುವ ವಿಚಾರ ಬೇರೆ. ಇಲ್ಲಿ ಸ್ವಲ್ಪ ಲೆಕ್ಕ ನೋಡೋಣ. ಒಂದು ಚಿತ್ರಕ್ಕೆ 4 ಎಂಬಿ ಎಂದರೆ, 1 ಟಿಬಿ ಡಿಸ್ಕಿನಲ್ಲಿ ಎರಡೂವರೆ ಲಕ್ಷ ಚಿತ್ರಗಳು ಹಿಡಿಯುತ್ತವೆ. ಕಾಗದಪತ್ರಗಳಿಗೆ ಇದು ಧಾರಾಳ. ಕ್ಯಾಮರಾದ ಹಸಿವು ಮಾತ್ರ ದೊಡ್ಡದು. ಸೆಕೆಂಡಿಗೆ 2 ಮೆಗಾಬಿಟ್ ದರದಲ್ಲಿ ಒಂದು ಕ್ಯಾಮರಾ ದಿನಕ್ಕೆ ಸುಮಾರು 21 ಜಿಬಿ ತುಂಬಿಸುತ್ತದೆ. ನಾಲ್ಕು ಕ್ಯಾಮರಾಗಳಿದ್ದರೆ 1 ಟಿಬಿ ಹನ್ನೆರಡು ದಿನವೂ ಬಾರದು. ಇಷ್ಟು ದೊಡ್ಡ ಪ್ರಮಾಣಕ್ಕೆ ಹಾರ್ಡ್ ಡಿಸ್ಕೇ ಅಗ್ಗ; ಚಿತ್ರ ನೋಡಲು ಎಸ್‌ಎಸ್‌ಡಿಯ ವೇಗವೂ ಬೇಕಿಲ್ಲ. ಕ್ಯಾಮರಾ ಪೆಟ್ಟಿಗೆಗೆಂದೇ ತಯಾರಾದ, ಹಗಲಿರುಳು ಓಡುವ ಹಾರ್ಡ್ ಡಿಸ್ಕನ್ನು ಕೇಳಿ ಪಡೆಯಿರಿ.

ಬೀರುವಿನಲ್ಲಿ ಇಡುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಕರೆಂಟು ಕೊಡದೆ ಬಹುಕಾಲ ಇಟ್ಟರೆ ಎಸ್‌ಎಸ್‌ಡಿಯ ವಿದ್ಯುದಂಶ ಮೆಲ್ಲಮೆಲ್ಲನೆ ಸೋರುತ್ತದೆ. ಬರೆದು ಬರೆದು ಆಯುಷ್ಯ ತೀರಿದ ಸಾಮಾನ್ಯ ಎಸ್‌ಎಸ್‌ಡಿ 30 ಡಿಗ್ರಿ ಉಷ್ಣತೆಯಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಂಡರೆ ಸಾಕೆಂದು ಜೆಡೆಕ್ ಮಾನದಂಡ ಹೇಳುತ್ತದೆ. ಹೊಸದು ಇದಕ್ಕಿಂತ ಹೆಚ್ಚು ಬಾಳುತ್ತದಾದರೂ, ವರ್ಷಗಟ್ಟಲೆ ಮುಚ್ಚಿಡಲು ಅದನ್ನೊಂದನ್ನೇ ನಂಬುವುದು ತರವಲ್ಲ. ಹಾರ್ಡ್ ಡಿಸ್ಕಿಗೆ ಈ ದೋಷವಿಲ್ಲ. ಆದರೆ ಓಡುತ್ತಿರುವಾಗ ಬಿದ್ದರೆ ಅದರ ಕಥೆ ಮುಗಿಯಿತೆಂದೇ ತಿಳಿಯಬೇಕು. ಕೆಡುವ ಮೊದಲು ಅದು ಟಕಟಕ ಸದ್ದು ಮಾಡುವುದುಂಟು. ಎಸ್‌ಎಸ್‌ಡಿ ಸೂಚನೆ ಕೊಡದೆಯೇ ನಿಲ್ಲಬಹುದು.

ಹಾಗಾದರೆ ಸುರಕ್ಷಿತವಾದುದು ಯಾವುದು? ಒಂದೇ ಆಗಿದ್ದರೆ ಎರಡೂ ಅಲ್ಲ. ಇಡೀ ಫಸಲನ್ನು ಸೋರುವ ಒಂದೇ ಕೊಟ್ಟಿಗೆಯಲ್ಲಿ ತುಂಬಿಸುವವರುಂಟೇ? ಪಹಣಿಯ ಪ್ರತಿ ಕಳೆದರೆ ಭೂಮಿ ಕೇಂದ್ರದಲ್ಲಿ ಮತ್ತೊಂದು ಸಿಗುತ್ತದೆ. ಮೂವತ್ತು ವರ್ಷಗಳ ಹೂಮಳೆಯ ಲೆಕ್ಕವನ್ನೋ, ನೋಂದಣಿಯಾಗದ ಹಳೆಯ ಕೈಬರಹದ ಕರಾರನ್ನೋ, ಬಾಂದುಕಲ್ಲು ಕಿತ್ತುಹೋಗುವ ಮೊದಲು ತೆಗೆದ ಚಿತ್ರವನ್ನೋ ಮರಳಿ ಕೊಡುವ ಕಚೇರಿ ಯಾವುದೂ ಇಲ್ಲ. ಇಂತಹವುಗಳನ್ನು ಎರಡು ಡಿಸ್ಕುಗಳಲ್ಲಿ ಪ್ರತಿಮಾಡಿ, ಒಂದನ್ನು ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲೋ ಬ್ಯಾಂಕಿನ ಲಾಕರಿನಲ್ಲೋ ಇಡಬೇಕು. ಮೂಲ ಕಾಗದಗಳನ್ನಂತೂ ಎಸೆಯಲೇಬಾರದು.

ಕೆಲವು ಎಚ್ಚರಿಕೆಗಳು:

1. ಮಳೆಗಾಲದಲ್ಲಿ ಡಿಸ್ಕನ್ನು ಸಿಲಿಕಾ ಜೆಲ್ ಪೊಟ್ಟಣದೊಡನೆ ಗಾಳಿಯಾಡದ ಡಬ್ಬಿಯಲ್ಲಿಡಿ.

2. ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನು ಕಿತ್ತಿಡಿ. ಪ್ರತಿಮಾಡುವಾಗ ಯುಪಿಎಸ್ ಇರಲಿ.

3. ಆರು ತಿಂಗಳಿಗೊಮ್ಮೆ ಎರಡೂ ಡಿಸ್ಕುಗಳನ್ನು ಜೋಡಿಸಿ, ಕಡತಗಳು ತೆರೆಯುತ್ತವೆಯೇ ಎಂದು ನೋಡಿ.

4. ಕೆಲವೇ ನೂರು ರೂಪಾಯಿಗೆ 16 ಟಿಬಿ ಎಸ್‌ಎಸ್‌ಡಿ ಎಂಬ ಜಾಹೀರಾತುಗಳಿಗೆ ಮರುಳಾಗದಿರಿ. ಅವು ನಕಲಿ, ತುಂಬಿದಂತೆ ತೋರಿಸಿ ಒಳಗಿನದನ್ನು ಅಳಿಸಿಬಿಡುತ್ತವೆ. ಬಿಲ್ಲು ಮತ್ತು ಗ್ಯಾರಂಟಿ ಕೊಡುವ ಅಂಗಡಿಯಲ್ಲೇ ಕೊಳ್ಳಿರಿ.

ಒಟ್ಟಿನಲ್ಲಿ, ದಿನದ ಕೆಲಸಕ್ಕೆ ಒಂದು ಚಿಕ್ಕ ಎಸ್‌ಎಸ್‌ಡಿ, ದಾಸ್ತಾನಿಗೆ ಎರಡು ಹಾರ್ಡ್ ಡಿಸ್ಕು ಎಂಬುದು ಸಣ್ಣ ಬೆಳೆಗಾರರಿಗೆ ಕೈಗೆಟುಕುವ ವ್ಯವಸ್ಥೆ. ಈ ಮಳೆಗಾಲ ಹಿಡಿಯುವ ಮೊದಲೇ ಪೆಟ್ಟಿಗೆಯಲ್ಲಿರುವ ಕಾಗದಗಳ ಚಿತ್ರ ತೆಗೆದು ಮುಗಿಸುವುದು ಒಳ್ಳೆಯದು.