ಸಮಾರಂಭ ನಿರ್ವಹಣೆಯ ಕಾಯಕ: ದುಡಿಮೆಯ ವೇಳೆ ಮತ್ತು ದೇಹದ ಆರೋಗ್ಯ

ಮದುವೆ, ಗೃಹಪ್ರವೇಶ, ನಾಮಕರಣ ಮೊದಲಾದ ಮಂಗಳ ಕಾರ್ಯಗಳನ್ನು ಹಿಂದೆ ಬಂಧುಬಳಗದವರೂ ನೆರೆಹೊರೆಯವರೂ ಕೂಡಿ ನಡೆಸುತ್ತಿದ್ದರು. ಚಪ್ಪರ ಹಾಕುವವರು, ತರಕಾರಿ ಹೆಚ್ಚುವವರು, ಬಡಿಸುವವರು ಎಲ್ಲರೂ ಮನೆಯವರೇ ಆಗಿದ್ದುದರಿಂದ ಶ್ರಮವು ಹತ್ತಾರು ಕೈಗಳಲ್ಲಿ ಹಂಚಿಹೋಗುತ್ತಿತ್ತು. ಇಂದು ನಗರಗಳಲ್ಲಿ ಈ ಹೊಣೆಯು ಬಹುಮಟ್ಟಿಗೆ ‘ಇವೆಂಟ್ ಮ್ಯಾನೇಜ್‌ಮೆಂಟ್’ ಎಂದು ಕರೆಯಲಾಗುವ ವೃತ್ತಿಯವರ ಪಾಲಿಗೆ ಬಂದಿದೆ. ಈ ವೃತ್ತಿಯನ್ನು ಆರಿಸಿಕೊಳ್ಳುವ ಯುವಕ ಯುವತಿಯರು ಇದರ ಸಂಭ್ರಮವನ್ನು ಬಲ್ಲರು. ಆದರೆ ಇದರ ವೇಳಾಕ್ರಮವು ದೇಹದ ಮೇಲೆ ಉಂಟುಮಾಡುವ ಪರಿಣಾಮವನ್ನು ಅರಿತವರು ವಿರಳ. ಶರಣರ ದೃಷ್ಟಿಯಲ್ಲಿ ಕಾಯಕಕ್ಕೆ ಕಾಯವೇ ಆಧಾರ. ಆದುದರಿಂದ ಈ ವಿಷಯವನ್ನು ಆರೋಗ್ಯದ ನೆಲೆಯಿಂದ ವಿಚಾರಿಸುವುದು ಉಚಿತವಾಗಿದೆ.

ದುಡಿಮೆಯ ವೇಳೆಯ ಸ್ವರೂಪ

ನಗರದ ಕಲ್ಯಾಣ ಮಂಟಪಗಳನ್ನು ಸಾಮಾನ್ಯವಾಗಿ ಒಂದು ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಬಾಡಿಗೆಗೆ ಕೊಡುವುದು ವಾಡಿಕೆ. ಹಿಂದಿನ ಮದುವೆಯವರು ಮಂಟಪ ತೆರವು ಮಾಡಿದ ಮೇಲೆ ಮೂರು ನಾಲ್ಕು ಗಂಟೆಗಳೊಳಗೆ ಆರತಕ್ಷತೆಯ ವೇದಿಕೆ ಸಿದ್ಧವಾಗಬೇಕು. ಆರತಕ್ಷತೆ ಮುಗಿದು ಕಡೆಯ ಪಂಕ್ತಿ ಏಳುವಾಗ ರಾತ್ರಿ ಹನ್ನೊಂದಾಗುತ್ತದೆ. ಆಗ ಅದೇ ವೇದಿಕೆಯ ಅಲಂಕಾರವನ್ನು ಬಿಚ್ಚಿ, ಬೆಳಗಿನೊಳಗೆ ಧಾರೆಯ ಮಂಟಪವನ್ನು ಕಟ್ಟಬೇಕು. ನಸುಕಿನಲ್ಲಿ ಮಾರುಕಟ್ಟೆಯಿಂದ ಹೂವು ಬರುತ್ತದೆ. ಅಷ್ಟರಲ್ಲಿ ಉಪಾಹಾರದ ವೇಳೆಯಾಗುತ್ತದೆ. ಮಧ್ಯಾಹ್ನದ ಊಟ ಮುಗಿದ ಮೇಲೆ ಸಾಮಾನು ಸಾಗಿಸಿ, ಅಡುಗೆಯವರು, ದೀಪಾಲಂಕಾರದವರು, ಧ್ವನಿವರ್ಧಕದವರು ಇವರೆಲ್ಲರ ಲೆಕ್ಕ ಚುಕ್ತಾ ಮಾಡಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಅಡುಗೆಯವರು ರಾತ್ರಿಯ ಊಟದ ನಂತರ ಒಂದಿಷ್ಟು ಹೊತ್ತು ಒರಗುತ್ತಾರೆ. ಹೂವಿನವರು ರಾತ್ರಿ ದುಡಿದು ಬೆಳಿಗ್ಗೆ ಹೊರಡುತ್ತಾರೆ. ಆದರೆ ಇವರೆಲ್ಲರಿಗೂ ಉತ್ತರ ಹೇಳಬೇಕಾದ ನಿರ್ವಾಹಕನಿಗೆ ಮಾತ್ರ ಸರದಿಯೆಂಬುದಿಲ್ಲ. ಪ್ರತಿಯೊಂದು ತಂಡದ ಸರದಿಯಲ್ಲಿಯೂ ಆತ ಎಚ್ಚರವಾಗಿರಬೇಕಾಗುತ್ತದೆ. ಹೀಗೆ ಒಂದು ಮದುವೆಯೆಂದರೆ ಆತನಿಗೆ ಸುಮಾರು ಇಪ್ಪತ್ತನಾಲ್ಕು ಗಂಟೆಗಳ ಜಾಗರಣೆ.

ವರ್ಷದ ಲೆಕ್ಕದಲ್ಲಿಯೂ ಈ ವೃತ್ತಿ ಏರುಪೇರಿನದು. ಆಷಾಢ ಮತ್ತು ಪಿತೃಪಕ್ಷಗಳಲ್ಲಿ ಮದುವೆಯ ಕೆಲಸವಿರುವುದಿಲ್ಲ. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠಗಳಲ್ಲಿ ಒಂದರ ಹಿಂದೆ ಒಂದು ಮುಹೂರ್ತ ಬರುತ್ತದೆ. ಕೆಲವೇ ತಿಂಗಳುಗಳಲ್ಲಿ ವರ್ಷದ ಅನ್ನವನ್ನು ದುಡಿದುಕೊಳ್ಳಬೇಕೆಂಬ ಒತ್ತಡದಿಂದ, ಬಂದ ಕೆಲಸವನ್ನು ಬಿಡಲಾಗದೆ ಒಪ್ಪಿಕೊಳ್ಳುವವರೇ ಹೆಚ್ಚು. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮವು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯ ಮಿತಿಯನ್ನು ಹೇಳುತ್ತದೆ. ಸ್ವಂತವಾಗಿ ಗುತ್ತಿಗೆ ಹಿಡಿದು ದುಡಿಯುವವನಿಗೆ ಇಂತಹ ಮಿತಿಯನ್ನು ಹಾಕುವವರು ಯಾರೂ ಇಲ್ಲ. ಅದನ್ನು ಆತನೇ ಹಾಕಿಕೊಳ್ಳಬೇಕು.

ನಿದ್ರಾಭಂಗದಿಂದ ಆಗುವ ಹಾನಿ

ಹಗಲು ಎಚ್ಚರ, ಇರುಳು ನಿದ್ರೆ ಎಂಬ ಕ್ರಮವು ಕೇವಲ ಅಭ್ಯಾಸವಲ್ಲ. ದೇಹದ ಜೀವಕೋಶಗಳಲ್ಲಿಯೇ ಒಂದು ಜೈವಿಕ ಗಡಿಯಾರವಿದೆ. ಈ ಗಡಿಯಾರದ ಕಾರ್ಯವಿಧಾನವನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬಾಶ್, ಮೈಕೆಲ್ ಯಂಗ್ ಎಂಬ ವಿಜ್ಞಾನಿಗಳಿಗೆ 2017ರಲ್ಲಿ ವೈದ್ಯಕೀಯ ನೊಬೆಲ್ ಪುರಸ್ಕಾರ ಸಂದಿತು. ದೇಹದ ಉಷ್ಣತೆ, ರಕ್ತದೊತ್ತಡ, ಹಸಿವು, ಇನ್ಸುಲಿನ್ನಿನ ಕಾರ್ಯ ಇವೆಲ್ಲವೂ ಈ ಗಡಿಯಾರಕ್ಕೆ ಅನುಗುಣವಾಗಿ ಏರಿಳಿಯುತ್ತವೆ. ಕತ್ತಲಾದಂತೆ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ನಿದ್ರೆಗೆ ದೇಹವನ್ನು ಅಣಿಗೊಳಿಸುತ್ತದೆ. ಪ್ರಖರವಾದ ಬೆಳಕಿನಡಿಯಲ್ಲಿ ರಾತ್ರಿಯೆಲ್ಲ ನಿಂತವನಲ್ಲಿ ಈ ಸ್ರಾವ ಕುಂದುತ್ತದೆ. ಅದರಿಂದಾಗಿ ಬೆಳಿಗ್ಗೆ ಮನೆಗೆ ಬಂದು ಮಲಗಿದರೂ ಗಾಢನಿದ್ರೆ ಹತ್ತುವುದಿಲ್ಲ.

ಇದು ವರ್ಷಗಟ್ಟಲೆ ನಡೆದರೆ ರಕ್ತದೊತ್ತಡ, ಬೊಜ್ಜು, ಮಧುಮೇಹಗಳಿಗೆ ದಾರಿಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ರಾತ್ರಿಪಾಳಿಯ ದುಡಿಮೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ವೆಂಬ ವರ್ಗದಲ್ಲಿ 2007ರಲ್ಲಿ ಇರಿಸಿತು, 2019ರ ಮರುಪರಿಶೀಲನೆಯಲ್ಲಿಯೂ ಅದನ್ನೇ ಉಳಿಸಿಕೊಂಡಿತು. ರಾತ್ರಿ ದುಡಿದವರೆಲ್ಲರಿಗೂ ಆ ವ್ಯಾಧಿ ಬರುತ್ತದೆಂದು ಇದರ ಅರ್ಥವಲ್ಲ. ಅಪಾಯದ ಸಂಭವವನ್ನು ಅಲಕ್ಷಿಸಬಾರದೆಂಬುದು ಇದರ ತಾತ್ಪರ್ಯ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ, 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯವು ಶೇಕಡಾ 35ರಷ್ಟು, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಮರಣಿಸುವ ಅಪಾಯವು ಶೇಕಡಾ 17ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ತಿಳಿಸಿವೆ.

ಇವು ನಿಧಾನವಾಗಿ ಬರುವ ಕೇಡುಗಳು. ತತ್‌ಕ್ಷಣದ ಕೇಡೊಂದಿದೆ, ಅದು ಮನೆಗೆ ಮರಳುವ ದಾರಿಯದು. ಸತತವಾಗಿ 17 ಗಂಟೆ ಎಚ್ಚರವಿದ್ದವನ ಚುರುಕುತನವು, ರಕ್ತದಲ್ಲಿ ಶೇಕಡಾ 0.05ರಷ್ಟು ಮದ್ಯಾಂಶವಿರುವವನ ಮಟ್ಟಕ್ಕೆ ಇಳಿದಿರುತ್ತದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ನಮ್ಮ ದೇಶದ ಕಾನೂನು ವಾಹನ ಚಾಲಕನಿಗೆ ಹಾಕಿರುವ ಮಿತಿ ಶೇಕಡಾ 0.03 ಮಾತ್ರ. ಹನಿ ಮದ್ಯವನ್ನೂ ಮುಟ್ಟದ ಸದ್ಭಕ್ತನು ಎರಡು ದಿನದ ಮದುವೆ ಮುಗಿಸಿ ದ್ವಿಚಕ್ರ ವಾಹನವೇರಿದರೆ, ಅಮಲೇರಿದವನಷ್ಟೇ ಅಪಾಯದಲ್ಲಿರುತ್ತಾನೆ.

ಕಿವಿ, ಕಾಲು, ಜಠರ

85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆಯವರೆಗೆ ಕಿವಿ ತಾಳಬಲ್ಲದೆಂಬುದು ತಜ್ಞರ ಮಾನದಂಡ. ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಈ ಅವಧಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಂತೆ 100 ಡೆಸಿಬಲ್ ಶಬ್ದಕ್ಕೆ ಸಲ್ಲುವುದು ಕೇವಲ 15 ನಿಮಿಷ. ವಾದ್ಯಗೋಷ್ಠಿಯ ಧ್ವನಿಪೆಟ್ಟಿಗೆಗಳ ಬಳಿ ನಿಂತು ದುಡಿಯುವವರು ಕಿವಿಗೆ ಬಿರಡೆ ಧರಿಸುವುದು ಅವಶ್ಯಕ. ಸಮಾರಂಭದ ನಂತರ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಉಳಿದರೆ ಅದನ್ನು ಎಚ್ಚರಿಕೆಯೆಂದು ತಿಳಿಯಬೇಕು.

ಬಹಳ ಹೊತ್ತು ನಿಲ್ಲುವುದರಿಂದ ಕಾಲಿನ ರಕ್ತನಾಳಗಳು ಉಬ್ಬಿಕೊಳ್ಳುತ್ತವೆ. ಹಿಮ್ಮಡಿ ಮತ್ತು ಸೊಂಟ ನೋಯುತ್ತವೆ. ನೂರಾರು ಜನರಿಗೆ ಉಣಬಡಿಸುವ ವ್ಯವಸ್ಥೆ ಮಾಡುವವನೇ ಹೊತ್ತಿಗೆ ಉಣ್ಣದಿರುವುದು ಈ ವೃತ್ತಿಯ ವಿಪರ್ಯಾಸ. ಬರಿಹೊಟ್ಟೆಯಲ್ಲಿ ಮೇಲಿಂದ ಮೇಲೆ ಕಾಫಿ ಕುಡಿಯುವುದರಿಂದ ಎದೆಯುರಿ ಹೆಚ್ಚುತ್ತದೆ. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು.

ಪಾಲಿಸಬೇಕಾದ ಕ್ರಮಗಳು

ಮೊದಲನೆಯದಾಗಿ, ಒಂದು ಮದುವೆಗೆ ಇಬ್ಬರು ಹೊಣೆಗಾರರಿರಬೇಕು. ಆರತಕ್ಷತೆಯವರೆಗೆ ಒಬ್ಬರು, ಅಲ್ಲಿಂದ ಮುಂದೆ ಇನ್ನೊಬ್ಬರು ಎಂದು ಗೊತ್ತುಮಾಡಿ, ಕೆಲಸದ ಪಟ್ಟಿಯನ್ನು ಬರಹದಲ್ಲಿ ಹಸ್ತಾಂತರಿಸಿದರೆ ಇಬ್ಬರಿಗೂ ಐದಾರು ಗಂಟೆಯ ನಿದ್ರೆ ದೊರೆಯುತ್ತದೆ. ಇದರಿಂದ ಲಾಭ ಸ್ವಲ್ಪ ಕಡಿಮೆಯಾದೀತು; ಆದರೆ ಕೆಲಸದಲ್ಲಿ ತಪ್ಪುಗಳೂ ಕಡಿಮೆಯಾಗುತ್ತವೆ.

ಎರಡನೆಯದಾಗಿ, ರಾತ್ರಿ ಅನಿವಾರ್ಯವಾಗಿ ಎಚ್ಚರವಿರಬೇಕಾದಾಗ ಸಂಜೆಯೇ ಒಂದಿಷ್ಟು ಮಲಗಿ ಹೋಗಬೇಕು. ನಡುರಾತ್ರಿಯಲ್ಲಿ 20 ನಿಮಿಷದ ಕಿರುನಿದ್ರೆಯೂ ಉಪಕಾರಿ. ಕಾಫಿಯ ಕೆಫೀನು ಸುಮಾರು 5 ಗಂಟೆಗಳ ನಂತರವೂ ಅರ್ಧಾಂಶ ದೇಹದಲ್ಲಿ ಉಳಿದಿರುವುದರಿಂದ, ಮಲಗುವ ಆರು ಗಂಟೆ ಮೊದಲೇ ಅದನ್ನು ನಿಲ್ಲಿಸುವುದು ಲೇಸು. ಮನೆಗೆ ಬಂದ ಮೇಲೆ ಕೋಣೆಯನ್ನು ಕತ್ತಲಾಗಿಸಿ, ದೂರವಾಣಿಯನ್ನು ಬೇರೆಡೆ ಇಟ್ಟು ಮಲಗಬೇಕು. ಜಾಗರಣೆಯ ನಂತರ ಸ್ವತಃ ವಾಹನ ನಡೆಸಬಾರದು.

ಮೂರನೆಯದಾಗಿ, ಕೆಲಸವಿಲ್ಲದ ಆಷಾಢವನ್ನು ಆರೋಗ್ಯ ತಪಾಸಣೆಗೆ ಮೀಸಲಿಡಬಹುದು. ರಕ್ತದೊತ್ತಡ, ಸಕ್ಕರೆ ಮತ್ತು ಶ್ರವಣಶಕ್ತಿಯ ಪರೀಕ್ಷೆಗಳನ್ನು ವರ್ಷಕ್ಕೊಮ್ಮೆಯಾದರೂ ಮಾಡಿಸಿಕೊಳ್ಳಬೇಕು. ಎದೆನೋವು, ಮುಖ ಅಥವಾ ಕೈಕಾಲಿನಲ್ಲಿ ಒಮ್ಮೆಲೇ ಬಲಹೀನತೆ, ಮಾತಿನ ತೊದಲು ಕಾಣಿಸಿಕೊಂಡರೆ ಸಮಾರಂಭ ಮುಗಿಯಲೆಂದು ಕಾಯದೆ ಕೂಡಲೇ ಆಸ್ಪತ್ರೆ ಸೇರಬೇಕು.

ಸಾಕೆಂಬ ಅರಿವು

ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕ ಮಾಡುತ್ತಿದ್ದ ಶರಣ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅವರ ಸತಿ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಪ್ರಸಂಗ ಭಕ್ತರೆಲ್ಲರಿಗೂ ತಿಳಿದದ್ದೇ. ಋತುವಿನಲ್ಲಿ ತನ್ನ ದೇಹ ಎಷ್ಟು ಮದುವೆಗಳನ್ನು ತಾಳಬಲ್ಲದೆಂದು ಮೊದಲೇ ನಿಶ್ಚಯಿಸಿ, ಉಳಿದವನ್ನು ಬೇರೆಯವರಿಗೆ ಬಿಟ್ಟುಕೊಡುವವನು ಆ ತಾಯಿಯ ಮಾತನ್ನು ಇಂದಿನ ಕಾಲದಲ್ಲಿ ಪಾಲಿಸಿದಂತೆಯೇ ಸರಿ.

ಸಮಾರಂಭ ನಡೆಸುವ ಗೃಹಸ್ಥರ ಹೊಣೆಯೂ ಇದರಲ್ಲಿದೆ. ಎಲ್ಲರೂ ಒಂದೇ ಮುಹೂರ್ತಕ್ಕೆ ಮುಗಿಬೀಳುವುದರಿಂದಲೇ ದುಡಿಯುವವರ ಮೇಲೆ ಭಾರ ಬೀಳುತ್ತದೆ. ಒಳ್ಳೆಯ ಗಳಿಗೆ, ಕೆಟ್ಟ ಗಳಿಗೆ ಎಂಬ ಭೇದವನ್ನು ಒಪ್ಪದ ಶರಣರ ಪರಂಪರೆಗೆ ಸೇರಿದ ನಾವು ಬಿಡುವಿನ ದಿನವೊಂದನ್ನು ಆರಿಸಿಕೊಳ್ಳುವುದು ಕಷ್ಟವಲ್ಲ. ರಾತ್ರೋರಾತ್ರಿ ವೇದಿಕೆ ಬದಲಿಸುವ ಆಡಂಬರವನ್ನು ಬಿಟ್ಟು ಒಂದೇ ಅಲಂಕಾರದಲ್ಲಿ ಎರಡೂ ಕಾರ್ಯಗಳನ್ನು ಮುಗಿಸಿದರೆ ಹಲವರ ಒಂದು ರಾತ್ರಿಯ ನಿದ್ರೆ ಉಳಿಯುತ್ತದೆ. ನಿರ್ವಾಹಕರಿಗೂ ಅವರ ಸಹಾಯಕರಿಗೂ ಪಂಕ್ತಿಯಲ್ಲಿ ಹೊತ್ತಿಗೆ ಸರಿಯಾಗಿ ಎಲೆ ಹಾಕಿಸಿ, ಬಾಕಿ ಹಣವನ್ನು ಅಂದೇ ಸಲ್ಲಿಸುವುದು ದಾಸೋಹ ಧರ್ಮಕ್ಕೆ ಒಪ್ಪುವ ನಡೆ. ವಧೂವರರನ್ನು ಹರಸಲು ಸೇರಿದ ಮನೆಯಲ್ಲಿ ದುಡಿಯುವವರ ಆರೋಗ್ಯಕ್ಕೂ ಹಾರೈಕೆಯಿರಲಿ.