ಪೊರೆ ಕಾಯುತ್ತದೆ, ಪಟಲ ಕಾಯುವುದಿಲ್ಲ

ಎರಡು ವರ್ಷದ ಹಿಂದಿನ ಜುಲೈ. ಖಾನಾಪುರದಿಂದ ಬೆಳಗಾವಿಗೆ ಬೆಳಗಿನ ಮೊದಲ ಟ್ರಿಪ್. ಟಿಕೆಟ್ ಕೊಟ್ಟು ಮುಗಿಸಿ ಮಂದಿ ಎಣಿಸಿದೆ. ಇಬ್ಬರ ಲೆಕ್ಕ ಸಿಗಲಿಲ್ಲ. ನನ್ನ ಎಡಕ್ಕೆ ಕಿಟಕಿ ಪಕ್ಕ ಕುಳಿತಿದ್ದ ತಾಯಿ, ಮಗಳು ನನಗೆ ಕಂಡೇ ಇರಲಿಲ್ಲ. ಎಡಗಣ್ಣಿನ ಕೆಳ ಅಂಚಿನಿಂದ ಕರಿ ನೆರಳೊಂದು ಮೇಲೇರಿತ್ತು.

ಅದಕ್ಕೂ ಮೂರ್ನಾಲ್ಕು ದಿನ ಮೊದಲೇ ಕತ್ತಲಲ್ಲಿ ಮಿಂಚು ಹೊಡೆದಂತಾಗುತ್ತಿತ್ತು, ಕಣ್ಣೆದುರು ನೊರಜು ಹಾರಿದಂತೆ ಚುಕ್ಕಿಗಳು. ನೋವಿಲ್ಲ, ಕೆಂಪಿಲ್ಲ. ನನಗಾಗ 56. ‘ಪೊರೆ ಇರಬೇಕು, ಬಲೀಲಿ ಬಿಡ್ರಿ’ ಎಂದರು ನೆರೆಯವರು. ಹೊಲದಲ್ಲಿ ಭತ್ತದ ನಾಟಿ ಬೇರೆ. ಮಿಂಚು ಕಂಡ ದಿನದಿಂದ ಆಸ್ಪತ್ರೆ ಮೆಟ್ಟಿಲು ಹತ್ತುವವರೆಗೆ ಒಂಬತ್ತು ದಿನ ಕಳೆದೆ.

ನಮ್ಮ ಕಡೆ ಕಣ್ಣಿನ ಆಪರೇಷನ್ ಅಂದರೆ ಪೊರೆಯದ್ದೇ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಎಷ್ಟೋ ಮುದುಕರಿಗೆ ಬೆಳಕು ಕೊಟ್ಟ ಸೀಮೆ ಇದು. ಪೊರೆ ನಾಲ್ಕು ತಿಂಗಳು ತಡವಾದರೂ ಸಾಮಾನ್ಯವಾಗಿ ನಡೆಯುತ್ತದೆ. ಅದೇ ರೂಢಿಯನ್ನು ನಾನು ಅಕ್ಷಿಪಟಲಕ್ಕೂ ಹಚ್ಚಿದೆ. ಅಲ್ಲಿಯೇ ತಪ್ಪಿದೆ.

ಬೆಳಗಾವಿಯ ಡಾಕ್ಟರು ಚಿತ್ರ ಬಿಡಿಸಿ ತೋರಿಸಿದರು. ಅಕ್ಷಿಪಟಲವೆಂದರೆ ಕಣ್ಣಿನ ಹಿಂಗೋಡೆಗೆ ಅಂಟಿರುವ ತೆಳು ಪದರ. ಅದು ಹರಿದರೆ ಒಳಗಿನ ನೀರು ಹರಕಿನಿಂದ ನುಗ್ಗಿ, ಮಳೆಗಾಲದಲ್ಲಿ ಗೋಡೆಯ ಗಿಲಾವು ಬಿಟ್ಟಂತೆ ಪದರ ಬಿಡುತ್ತ ಹೋಗುತ್ತದೆ. ನಟ್ಟನಡುವೆ ಮ್ಯಾಕ್ಯುಲಾ ಎಂಬ ಸಣ್ಣ ಜಾಗವಿದೆ. ಓದು, ಮುಖ ಗುರುತಿಸುವುದು ಎಲ್ಲ ಅಲ್ಲಿಂದಲೇ. ನನ್ನದು ಅಲ್ಲಿಯೂ ಬಿಟ್ಟಿತ್ತು.

‘ವಯಸ್ಸಾಯ್ತಲ್ಲ, ಆಪರೇಷನ್ ನಿಲ್ಲುತ್ತಾ ಸಾಹೇಬ್ರ?’ ಎಂದು ಕೇಳಿದೆ. ಅವರು ಹೇಳಿದ್ದರಲ್ಲಿ ಅರ್ಧವನ್ನು ಕೇಳಿ ತಿಳಿದೆ, ಉಳಿದರ್ಧವನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡೆ.

ಹರೆಯದಲ್ಲಿ ಕಣ್ಣೊಳಗಿನ ಲೋಳೆ ಗಟ್ಟಿ ಮೊಸರಿನ ಹಾಗಿರುತ್ತದೆ. ತೂತು ಬಿದ್ದರೂ ನೀರು ನಿಧಾನಕ್ಕೆ ಇಳಿಯುತ್ತದೆ. ನನ್ನ ತಂಗಿಯ ಮಗನಿಗೆ 19ರಲ್ಲಿ ಹೀಗೇ ಆಗಿತ್ತು. ನಮ್ಮ ಮನೆತನಕ್ಕೇ ದಪ್ಪ ಮೈನಸ್ ಕನ್ನಡಕ, ಅಂಥ ಕಣ್ಣಿಗೆ ಈ ಅಪಾಯ ಹೆಚ್ಚು. ಅವನ ಕಣ್ಣುಗುಡ್ಡೆಗೆ ಹೊರಗಿನಿಂದ ಸಿಲಿಕೋನ್ ಪಟ್ಟಿ ಕಟ್ಟಿದರು. ಮ್ಯಾಕ್ಯುಲಾ ಇನ್ನೂ ಅಂಟಿಕೊಂಡೇ ಇದ್ದುದರಿಂದ ದೃಷ್ಟಿ ಉಳಿಯಿತು.

ಐವತ್ತು ದಾಟಿದ ಮೇಲೆ ಲೋಳೆ ನೀರಾಗಿ ಕುಗ್ಗಿ, ಕೆಲವರಲ್ಲಿ ಪಟಲವನ್ನು ಜಗ್ಗಿ ಹರಿಯುತ್ತದೆ. ಆಗ ಪದರ ಬಿಡುವುದು ಬಲು ಬೇಗ. ಇಂಥವರಿಗೆ ಹೆಚ್ಚಾಗಿ ವಿಟ್ರೆಕ್ಟಮಿ ಮಾಡುತ್ತಾರೆ: ಲೋಳೆ ತೆಗೆದು, ಹರಕಿಗೆ ಲೇಸರ್ ಹಾಕಿ, ಗ್ಯಾಸ್ ಇಲ್ಲವೇ ಸಿಲಿಕೋನ್ ಎಣ್ಣೆ ತುಂಬುವುದು. ಒಂದೇ ಆಪರೇಷನ್ನಿಗೆ ನೂರರಲ್ಲಿ ಸುಮಾರು 85ರಿಂದ 90 ಮಂದಿಗೆ ಪಟಲ ಕೂರುತ್ತದೆ. ಆದರೆ ಪಟಲ ಕೂತಷ್ಟಕ್ಕೇ ದೃಷ್ಟಿ ಪೂರ್ತಿ ಮರಳುತ್ತದೆಂದಲ್ಲ. ವಯಸ್ಸಾದ ಮ್ಯಾಕ್ಯುಲಾ ಚೇತರಿಸಿಕೊಳ್ಳುವುದು ನಿಧಾನ. ಸಕ್ಕರೆ ಕಾಯಿಲೆಯಿಂದ ಪಟಲ ಮೊದಲೇ ಹಾಳಾಗಿದ್ದರೆ ಇನ್ನೂ ಕಷ್ಟ. ಗ್ಯಾಸ್ ತುಂಬಿದ ಮೇಲೆ ಎಷ್ಟೋ ಮಂದಿ ಬೋರಲು ಮಲಗಬೇಕಾಗುತ್ತದೆ; ಪಕ್ಕದ ಮಂಚದ 78ರ ಅಜ್ಜಿಗೆ ಹಾಗೆ ಮಲಗಲು ಉಸಿರು, ಕುತ್ತಿಗೆ ಎರಡೂ ಬಿಡುತ್ತಿರಲಿಲ್ಲ.

ಹಾಗಂತ ಎಳೆಯರಿಗೆಲ್ಲ ಸಲೀಸು ಎಂದಲ್ಲ. ಅದೇ ವಾರ್ಡಿನಲ್ಲಿ ಗಿಲ್ಲಿ ಬಡಿದ ಒಂಬತ್ತರ ಹುಡುಗನಿದ್ದ. ಒಂದು ಕಣ್ಣು ಕಾಣದಿದ್ದರೂ ಮಕ್ಕಳು ಹೇಳುವುದಿಲ್ಲ. ತಡವಾಗಿ ಬರುತ್ತಾರೆ. ಅಷ್ಟರಲ್ಲಿ ಪಟಲದ ಮೇಲೆ ಕಲೆಯ ಪದರ ಬೆಳೆದು ಅದನ್ನು ಮುದುರುತ್ತದೆ. ಮಕ್ಕಳಲ್ಲಿ ಈ ಬೆಳವಣಿಗೆ ಜೋರು.

ನನ್ನ ಕಣ್ಣಿಗೆ ತುಂಬಿದ್ದು ಗ್ಯಾಸ್. ಮೊದಮೊದಲು ಬರೀ ಮಸುಕು. ಆಮೇಲೆ ಮೇಲ್ಗಡೆ ತಿಳಿ, ಕೆಳಗಡೆ ಕಲಕಿದ ನೀರು, ನಡುವೆ ತುಳುಕುವ ಗೆರೆ. ದಿನದಿನಕ್ಕೆ ಆ ಗೆರೆ ಇಳಿದು, ಕೊನೆಗೆ ಗೋಲಿಯಷ್ಟು ಗುಳ್ಳೆಯಾಗಿ ಕರಗಿತು. ಅಲ್ಲಿಯವರೆಗೆ ವಿಮಾನ ಹತ್ತುವಂತಿಲ್ಲ. ಎತ್ತರಕ್ಕೆ ಹೋದರೆ ಗ್ಯಾಸ್ ಹಿಗ್ಗಿ ಕಣ್ಣಿನ ಒತ್ತಡ ಏರುತ್ತದೆ. ಗೋವಾದ ತಂಗಿ ಮನೆಗೂ ಹೋಗಲಿಲ್ಲ, ವಾಪಸ್ ಬರುವಾಗ ಚೋರ್ಲಾ ಘಾಟ್ ಹತ್ತಬೇಕಲ್ಲ. ವರ್ಷ ತುಂಬುವುದರೊಳಗೆ ಅದೇ ಕಣ್ಣಿಗೆ ಪೊರೆ ಬಂತು, ತೆಗೆಸಿದೆ. ಐವತ್ತು ದಾಟಿದವರಿಗೆ ವಿಟ್ರೆಕ್ಟಮಿಯ ಬೆನ್ನಿಗೆ ಅದು ಬರುವುದೇ ಹೆಚ್ಚು.

ಸುಮಾರು ನೂರು ವರ್ಷದ ಹಿಂದೆ ಸ್ವಿಟ್ಜರ್‌ಲೆಂಡಿನ ಜೂಲ್ಸ್ ಗೊನಿನ್ ಹರಕನ್ನೇ ಮುಚ್ಚಬೇಕೆಂದು ತೋರಿಸುವ ತನಕ ಈ ಕಾಯಿಲೆಯೆಂದರೆ ಬಹುಮಟ್ಟಿಗೆ ಕುರುಡೇ. ಇವತ್ತು ಬೆಳಗಾವಿಯಲ್ಲೇ ಆಪರೇಷನ್ ಆಗುತ್ತದೆ. ಆದ್ದರಿಂದ ಕೈಮುಗಿದು ಹೇಳುತ್ತೇನೆ: ವಯಸ್ಸು ಯಾರ ಕೈಯಲ್ಲೂ ಇಲ್ಲ, ಹೊತ್ತು ಇದೆ. ಮಿಂಚು, ಒಮ್ಮೆಲೇ ಹೆಚ್ಚಿದ ಚುಕ್ಕಿ, ನೆರಳು ಕಂಡರೆ ಅದೇ ದಿನ ಬಸ್ ಹತ್ತಿ. ಪಟಲ ಬಿಡುವ ಮುಂಚೆ ಹರಕು ಸಿಕ್ಕರೆ ಎಷ್ಟೋ ಸಲ ಲೇಸರ್‌ನಲ್ಲೇ ಮುಗಿಯುತ್ತದೆ. ನನ್ನ ಬಲಗಣ್ಣು ಉಳಿದದ್ದು ಹಾಗೆಯೇ.

ಈಗ ದಿನಾ ಡ್ಯೂಟಿಗೆ ಹೊರಡುವ ಮುಂಚೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಬಲಗಣ್ಣಿಗೆ ಮನೆಗಳ ಗೆರೆ ನೆಟ್ಟಗಿದೆ. ಎಡಗಣ್ಣಿಗೆ ನಡುವೆ ಬಾಗಿದೆ. ಆ ಬಾಗು ನಾನು ಕಳೆದ ಒಂಬತ್ತು ದಿನದ್ದು.