ತೊಗಲಿಲ್ಲದ ಚೆಂಡು

ಕಾಲೇಜಿನ ವಿದ್ಯಾರ್ಥಿಯೊಬ್ಬನು ಈಚೆಗೆ ನಮ್ಮಲ್ಲಿಗೆ ಒಂದು ಪ್ರಶ್ನೆಯನ್ನು ಹೊತ್ತು ತಂದನು. ಅವನು ಹಾಲನ್ನು ಬಿಟ್ಟು ಎರಡು ವರ್ಷಗಳಾಗಿವೆ. ಊಟದ ಕೊನೆಗೆ ತಾಯಿ ಬಡಿಸಬಂದ ಮಜ್ಜಿಗೆಯನ್ನು ಬೇಡವೆನ್ನುವುದು ಮೊದಮೊದಲು ಬಹು ಕಷ್ಟವಾಗಿತ್ತಂತೆ. ಈಗ ಮನೆಯವರು ಹೇಗೋ ಹೊಂದಿಕೊಂಡಿದ್ದಾರೆ. ಆದರೆ ಕ್ರಿಕೆಟ್ ಎಂದರೆ ಅವನಿಗೆ ಪ್ರಾಣ. ಟೆಸ್ಟ್ ಪಂದ್ಯ ನಡೆಯುವ ಐದು ದಿನಗಳೂ ಅವನ ಓದಿಗೆ ರಜೆ. ಒಂದು ದಿನ ಗೆಳೆಯನೊಬ್ಬನು, “ಹಸುವಿನ ಹಾಲನ್ನು ಮುಟ್ಟದವನು ಹಸುವಿನ ಚರ್ಮವನ್ನು ಬೆಳಗಿನಿಂದ ಸಂಜೆಯವರೆಗೆ ಕಣ್ಣು ಕೀಳದೆ ನೋಡುತ್ತೀಯಲ್ಲ!” ಎಂದು ಹಾಸ್ಯ ಮಾಡಿದನು. ಹಾಸ್ಯವಾದರೂ ಮಾತು ನಾಟಿತು. ಚೆಂಡನ್ನು ಬೇರೆ ಯಾವುದರಿಂದಲಾದರೂ ಮಾಡಲು ಬಾರದೆ, ಬಾರದಿದ್ದರೆ ಆಟ ನೋಡುವುದನ್ನೇ ಬಿಡಬೇಕೆ ಎಂಬುದು ಅವನ ಪ್ರಶ್ನೆ.

ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಕೊಡುವ ಅಧಿಕಾರ ವಿಜ್ಞಾನಕ್ಕಿಲ್ಲ. ಮೊದಲನೆಯ ಭಾಗಕ್ಕೆ ಮಾತ್ರ ಬಹಳ ಸ್ವಾರಸ್ಯವಾದ ಉತ್ತರವಿದೆ. ಅದನ್ನು ಇಲ್ಲಿ ನೋಡೋಣ.

ಮಾಂಸವನ್ನು ವರ್ಜಿಸುವುದು ನಮ್ಮ ನಾಡಿಗೆ ಹೊಸದಲ್ಲ. ಆದರೆ ಹಾಲು, ತುಪ್ಪ, ಜೇನು, ಉಣ್ಣೆ, ರೇಷ್ಮೆ, ತೊಗಲು ಮುಂತಾಗಿ ಪ್ರಾಣಿಗಳಿಂದ ಬರುವ ಎಲ್ಲ ಪದಾರ್ಥಗಳನ್ನೂ ಬಿಡುವ ವ್ರತಕ್ಕೆ ‘ವೀಗನ್’ ಎಂಬ ಹೆಸರು ಬಂದುದು 1944 ರಲ್ಲಿ, ಇಂಗ್ಲೆಂಡಿನಲ್ಲಿ. ಡೊನಾಲ್ಡ್ ವಾಟ್ಸನ್ ಎಂಬಾತನೂ ಅವನ ಕೆಲವು ಸಂಗಡಿಗರೂ ಸೇರಿ ಆ ವರ್ಷ ವೀಗನ್ ಸಂಘವನ್ನು ಸ್ಥಾಪಿಸಿದರು. ಇಂಥ ಆಹಾರದಿಂದ ಆಟಗಾರನಿಗೆ ಕಸುವು ಬಂದೀತೆ ಎಂಬ ಸಂದೇಹಕ್ಕೆ ನಾವು ಹೆಚ್ಚು ಪುಟಗಳನ್ನು ವೆಚ್ಚ ಮಾಡುವುದಿಲ್ಲ. ಸ್ಕಾಟ್ ಜ್ಯೂರೆಕ್ ಎಂಬ ವೀಗನ್ ಓಟಗಾರನು 2015 ರಲ್ಲಿ ಅಮೆರಿಕದ ಅಪಲೇಚಿಯನ್ ಕಾಲುದಾರಿಯನ್ನು, ಎಂದರೆ ಸುಮಾರು 3,500 ಕಿಲೋಮೀಟರುಗಳನ್ನು, 47 ದಿನಗಳೊಳಗೆ ಕ್ರಮಿಸಿದನು. ಬೇಳೆಕಾಳು, ಸೋಯಾ, ಶೇಂಗಾಗಳಿಂದ ಬೇಕಾದಷ್ಟು ಪ್ರೋಟೀನು ದೊರೆಯುತ್ತದೆ. ಬಿ-12 ಎಂಬ ಜೀವಸತ್ತ್ವ ಮಾತ್ರ ಸಸ್ಯಗಳಲ್ಲಿ ನೆಚ್ಚುವಷ್ಟು ಸಿಕ್ಕುವುದಿಲ್ಲ. ಅದನ್ನು ತಯಾರಿಸುವವು ಬ್ಯಾಕ್ಟೀರಿಯಗಳು; ಹಾಲು ಬಿಟ್ಟವರು ಅದನ್ನು ಗುಳಿಗೆಯಾಗಿಯೋ ಬಲವರ್ಧಿತ ಆಹಾರದ ಮೂಲಕವೋ ಸೇವಿಸಲೇಬೇಕು. ನಮ್ಮ ವಿದ್ಯಾರ್ಥಿಗೆ ಇದೆಲ್ಲ ತಿಳಿದಿತ್ತು. ಅವನ ತೊಡಕು ತಟ್ಟೆಯದಲ್ಲ, ಮೈದಾನದ್ದು.

ತೊಗಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹಾಳೆಯಂತಲ್ಲ, ನೂಲಿನ ಸಿಕ್ಕಿನಂತೆ ಕಾಣುತ್ತದೆ. ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳು ಕಂತೆಕಂತೆಯಾಗಿ ಎಲ್ಲ ದಿಕ್ಕುಗಳಲ್ಲಿಯೂ ಹೆಣೆದುಕೊಂಡಿರುತ್ತವೆ. ಕೆಳಗಿನ ಎಳೆಗಳು ದಪ್ಪ. ಮೇಲಕ್ಕೆ ಬಂದಂತೆ ಅವು ನವುರಾಗಿ, ಹೊರಮೈಯಲ್ಲಿ ಒತ್ತಾದ ಪದರವಾಗುತ್ತವೆ. ಎಳೆಗಳ ನಡುವೆ ಅಸಂಖ್ಯಾತ ಸಂದುಗಳಿವೆ, ಮತ್ತು ಕೊಲಾಜೆನಿಗೆ ನೀರಿನ ಮೇಲೆ ಬಹಳ ಪ್ರೀತಿ. ಈ ಒಂದು ಗುಣವೇ ಎರಡು ಆಟಗಳಲ್ಲಿ ಎರಡು ಬಗೆಯ ಕಥೆಗೆ ಕಾರಣವಾಯಿತು.

ಹಳೆಯ ಕಾಲದ ಕಾಲ್ಚೆಂಡು ಮಳೆಯಲ್ಲಿ ನೀರು ಹೀರಿ ಗುಂಡುಕಲ್ಲಿನಂತಾಗುತ್ತಿತ್ತು. ಅದನ್ನು ತಲೆಯಿಂದ ಹೊಡೆಯುವುದೆಂದರೆ ಸಾಹಸವೇ ಸರಿ. ಚೆಂಡು ನೀರು ಕುಡಿಯದಂತೆ ಮೇಲೆ ಬಣ್ಣ ಬಳಿದು, ಹೊಲಿಗೆಗೆ ರಬ್ಬರು ತುಂಬಿ ನಾನಾ ಉಪಾಯಗಳನ್ನು ಮಾಡಿದರು. ಕೊನೆಗೆ 1986 ರಲ್ಲಿ ಮೆಕ್ಸಿಕೋ ದೇಶದಲ್ಲಿ ನಡೆದ ವಿಶ್ವಕಪ್ಪಿಗೆ ‘ಅಜ಼್ಟೆಕಾ’ ಎಂಬ ಪೂರ್ಣ ಕೃತಕ ಚೆಂಡು ಬಂದಿತು. ಆ ಮೇಲಿನ ಯಾವ ವಿಶ್ವಕಪ್ಪಿನಲ್ಲಿಯೂ ತೊಗಲಿನ ಚೆಂಡು ಕಾಣಿಸಿಕೊಂಡಿಲ್ಲ. ಯಾರೂ ಅದಕ್ಕಾಗಿ ಕಣ್ಣೀರಿಟ್ಟುದನ್ನು ನಾವು ಕೇಳಿಲ್ಲ. ಇಲ್ಲಿ ಗೆದ್ದುದು ಪ್ರಾಣಿದಯೆಯಲ್ಲ, ಪಾಲಿಯುರಿಥೇನ್ ಎಂಬ ನೀರು ಹೀರದ ವಸ್ತು. ಆದರೂ ಕಾಲ್ಚೆಂಡಿನ ಅಭಿಮಾನಿಯಾದ ವೀಗನ್‌ನಿಗೆ ಅದರಿಂದ ನೆಮ್ಮದಿಯಾಯಿತು. ಇಂಗ್ಲೆಂಡಿನ ಫಾರೆಸ್ಟ್ ಗ್ರೀನ್ ರೋವರ್ಸ್ ಎಂಬ ತಂಡವಂತೂ 2015 ರಿಂದ ಆಟಗಾರರಿಗೂ ಪ್ರೇಕ್ಷಕರಿಗೂ ಸಸ್ಯಮೂಲದ ಆಹಾರವನ್ನು ಮಾತ್ರ ಕೊಡತೊಡಗಿ, 2022 ರಲ್ಲಿ ತಾನಿದ್ದ ಶ್ರೇಣಿಯ ಅಗ್ರಸ್ಥಾನವನ್ನು ಪಡೆಯಿತು. ಅನಂತರದ ಎರಡು ವರ್ಷಗಳಲ್ಲಿ ಸತತವಾಗಿ ಕೆಳಗಿಳಿಯಿತೆಂಬುದನ್ನೂ ಹೇಳಬೇಕು. ಅದಕ್ಕೆ ಆಹಾರವನ್ನು ದೂರುವುದು ನ್ಯಾಯವಲ್ಲ, ಗೆಲವಿನ ಕೀರ್ತಿಯನ್ನು ಆಹಾರಕ್ಕೆ ಕೊಡುವುದೂ ಅಷ್ಟೆ.

ಇನ್ನು ಬ್ಯಾಸ್ಕೆಟ್‌ಬಾಲ್. ಅಮೆರಿಕದ ವೃತ್ತಿಪರ ಸಂಘವು 2006 ರ ಕೊನೆಯಲ್ಲಿ ಆರಂಭವಾದ ಪಂದ್ಯಮಾಲೆಗೆ ತೊಗಲನ್ನು ಬಿಟ್ಟು ಸೂಕ್ಷ್ಮ ಎಳೆಗಳ ಕೃತಕ ಚೆಂಡನ್ನು ತಂದಿತು. ಚೆಂಡು ಜಾರುತ್ತದೆ, ಬೆರಳ ತುದಿ ಸೀಳುತ್ತದೆ ಎಂದು ಆಟಗಾರರು ಗೋಳಿಟ್ಟರು. ಟೆಕ್ಸಸ್ ವಿಶ್ವವಿದ್ಯಾನಿಲಯದ ಆರ್ಲಿಂಗ್‌ಟನ್ ಶಾಖೆಯ ಭೌತವಿಜ್ಞಾನಿಗಳು ಪರೀಕ್ಷಿಸಿದಾಗ ದೂರಿನಲ್ಲಿ ಹುರುಳಿರುವುದು ಕಂಡಿತು: ಒಣಗಿದ್ದಾಗ ಕೃತಕ ಚೆಂಡಿನ ಹಿಡಿತ ಚೆನ್ನಾಗಿಯೇ ಇತ್ತು, ಆದರೆ ಬೆವರು ಸೋಕಿದೊಡನೆ ಘರ್ಷಣೆ ಬಹಳ ಕಡಿಮೆಯಾಗುತ್ತಿತ್ತು. ತೊಗಲು ಬೆವರನ್ನು ಒಳಕ್ಕೆ ಹೀರಿಕೊಳ್ಳುತ್ತದೆ; ಕೃತಕ ವಸ್ತುವಿನಲ್ಲಿ ಅದು ಮೇಲೆಯೇ ಪೊರೆಯಾಗಿ ನಿಲ್ಲುತ್ತದೆ. 2007 ರ ಜನವರಿ 1 ರಂದು ತೊಗಲಿನ ಚೆಂಡು ಮರಳಿ ಬಂದಿತು. ಹುಲ್ಲಿನ ಮೇಲೆ ಶಾಪವಾಗಿದ್ದ ಗುಣ ಹಲಗೆಯ ಅಂಗಳದಲ್ಲಿ ವರವಾಯಿತು. ಆದರೆ ಅದೇ ದೇಶದ ಕಾಲೇಜು ಪಂದ್ಯಗಳಲ್ಲಿ ಕೃತಕ ಹೊದಿಕೆಯ ಚೆಂಡುಗಳು ಯಾವ ಗಲಭೆಯೂ ಇಲ್ಲದೆ ಬಳಕೆಯಲ್ಲಿವೆ. ಆದುದರಿಂದ ಈ ತಕರಾರಿನಲ್ಲಿ ಎಷ್ಟು ಪಾಲು ಘರ್ಷಣೆಯದು, ಎಷ್ಟು ಪಾಲು ಬೆರಳುಗಳ ರೂಢಿಯದು ಎಂದು ಬೇರ್ಪಡಿಸುವುದು ಸುಲಭವಲ್ಲ.

ಈಗ ನಮ್ಮ ವಿದ್ಯಾರ್ಥಿಯ ಪ್ರಾಣವಾದ ಕ್ರಿಕೆಟ್ ಚೆಂಡಿಗೆ ಬರೋಣ. ಅವನ ಎದುರಿಗೇ ನಾವು ಹಳೆಯ ಚೆಂಡೊಂದನ್ನು ಕೊಯ್ದು ನೋಡಿದೆವು. ಹೊರಗೆ ಪಟಿಕದಿಂದ ಹದಮಾಡಿ ಕೆಂಪು ಬಣ್ಣ ಹಾಕಿದ ತೊಗಲು. ಅದರೊಳಗೆ ಬಿಗಿಯಾಗಿ ಸುತ್ತಿದ ಉಣ್ಣೆಯ ದಾರ. ನಟ್ಟನಡುವೆ ಕಾರ್ಕ್ ಮರದ ತೊಗಟೆ. “ಉಣ್ಣೆಯೂ ಇದೆಯೆ!” ಎಂದು ಅವನು ಉಸಿರೆಳೆದನು. ಎರಡು ಅರ್ಧಗೋಳಗಳು ಕೂಡುವಲ್ಲಿ ಆರು ಸಾಲು ಹೊಲಿಗೆ ಉಬ್ಬಿ ನಿಂತಿರುತ್ತದೆ. ಎಸೆತಗಾರನ ವಿದ್ಯೆಯೆಲ್ಲ ಅಡಗಿರುವುದು ಈ ಉಬ್ಬಿನಲ್ಲಿ.

ಚೆಂಡು ಗಾಳಿಯಲ್ಲಿ ಹೋಗುವಾಗ ಅದರ ಮೈಗಂಟಿ ತೆಳುವಾದ ಗಾಳಿಯ ಪದರವೊಂದು ಹರಿಯುತ್ತದೆ. ನುಣುಪಾದ ಬದಿಯಲ್ಲಿ ಪದರವು ಶಾಂತವಾಗಿ ಹರಿದು ಬೇಗನೆ ಮೈಬಿಟ್ಟು ಕಳಚಿಕೊಳ್ಳುತ್ತದೆ. ಹೊಲಿಗೆಯನ್ನು ಎಡವಿದ ಬದಿಯಲ್ಲಿ ಅದು ಕದಡಿ ಸುಳಿಸುಳಿಯಾಗುತ್ತದೆ. ಆಶ್ಚರ್ಯವೆಂದರೆ, ಹೀಗೆ ಕದಡಿದ ಪದರವೇ ಚೆಂಡಿನ ಮೈಯನ್ನು ಹೆಚ್ಚು ದೂರ ಅಂಟಿಕೊಂಡಿರುತ್ತದೆ. ಆ ಬದಿಯಲ್ಲಿ ಒತ್ತಡ ಕಡಿಮೆಯಾಗಿ ಚೆಂಡು ಆ ಕಡೆಗೆ ಬಾಗುತ್ತದೆ. ಇದೇ ‘ಸ್ವಿಂಗ್’. 1983 ರಲ್ಲಿ ರವೀಂದ್ರ ಮೆಹ್ತಾ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಈ ಬಗೆಗಿನ ಪ್ರಯೋಗಗಳನ್ನು ಪ್ರಕಟಿಸಿದರು. ಗಂಟೆಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ಈ ಬಾಗು ಚೆನ್ನಾಗಿ ಕಾಣುತ್ತದೆ; ವೇಗ ಬಹಳ ಹೆಚ್ಚಿದರೆ ಹೊಲಿಗೆಯನ್ನು ಮುಟ್ಟುವ ಮೊದಲೇ ಎರಡು ಬದಿಯ ಪದರಗಳೂ ಕದಡಿ, ಬಾಗು ತಿರುಗುಮುರುಗಾಗುತ್ತದೆ. ಹಳೆಯ ಚೆಂಡಿನ ಒಂದು ಬದಿ ತರಚಿ ಒರಟಾಗಿದ್ದರೆ ಈ ತಿರುಗುಮುರುಗು ಇನ್ನೂ ಕಡಿಮೆ ವೇಗದಲ್ಲಿ ಸಾಧ್ಯ.

ತೊಗಲಿನ ಮಹಿಮೆ ಇಲ್ಲಿದೆ. ಅದರ ಗುಣ ಗಟ್ಟಿತನವಲ್ಲ, ಒಪ್ಪವಾಗಿ ಸವೆಯುವುದು. ಉಜ್ಜಿದರೆ ಹೊಳೆಯುತ್ತದೆ, ನೆಲಕ್ಕೆ ಬಿದ್ದರೆ ಮೇಲಿನ ನವುರು ಪದರ ಹರಿದು ಎಳೆಗಳು ಮೇಲೇಳುತ್ತವೆ. ಎಂಬತ್ತು ಓವರುಗಳವರೆಗೆ ಅದರ ಸ್ವಭಾವ ಗಂಟೆಗಂಟೆಗೆ ಬದಲಾಗುತ್ತ ಹೋಗುತ್ತದೆ. ವೇಗಿಯ ಕೈಯಿಂದ ಸ್ಪಿನ್ನರನ ಕೈಗೆ ಚೆಂಡು ದಾಟುವುದೂ ಅದರಿಂದಲೇ. ಪ್ಲಾಸ್ಟಿಕ್ಕಿನ ಹೊದಿಕೆ ಸವೆಯದೆ ಹಾಗೆಯೇ ಉಳಿಯುತ್ತದೆ, ಇಲ್ಲವೆ ಒಂದೇ ಸಲ ಸುಲಿದುಹೋಗುತ್ತದೆ. ಬಾಳಿಕೆ ಬರುವ ವಸ್ತುವನ್ನು ಮಾಡಲು ರಸಾಯನವಿಜ್ಞಾನಿಗೆ ಹೇಳಿಕೊಡಬೇಕಾಗಿಲ್ಲ. ಹದವಾಗಿ ಹಾಳಾಗುವ ವಸ್ತುವನ್ನು ಮಾಡುವುದು ಅವನಿಗೆ ಹೊಸ ಪಾಠ. ಮೈಯ ನುಣುಪು ಎಷ್ಟು ಮುಖ್ಯವೆಂಬುದಕ್ಕೆ ಕಾಲ್ಚೆಂಡಿನಲ್ಲಿಯೇ ಸಾಕ್ಷ್ಯವಿದೆ. 2010 ರ ವಿಶ್ವಕಪ್ಪಿನ ‘ಜಬುಲಾನಿ’ ಚೆಂಡಿಗೆ ಎಂಟೇ ತುಂಡುಗಳು, ಹೊಲಿಗೆಯ ಗೆರೆಗಳು ತೀರ ಕಡಿಮೆ. ಅದು ಗಾಳಿಯಲ್ಲಿ ಅಡ್ಡಾದಿಡ್ಡಿ ಅಲೆದು ಗೋಲ್‌ಕೀಪರುಗಳನ್ನು ಗೋಳಾಡಿಸಿತು.

ಆದರೆ ನಿಯಮವು ಅಡ್ಡಬರುವುದಿಲ್ಲ. 2017 ರ ಕ್ರಿಕೆಟ್ ನಿಯಮಾವಳಿಯ ನಾಲ್ಕನೆಯ ನಿಯಮವು ಹೊಸ ಚೆಂಡಿನ ತೂಕ 155.9 ರಿಂದ 163 ಗ್ರಾಂ, ಸುತ್ತಳತೆ 22.4 ರಿಂದ 22.9 ಸೆಂಟಿಮೀಟರ್ ಇರಬೇಕೆನ್ನುತ್ತದೆ. ತೊಗಲು ಎಂಬ ಮಾತನ್ನೇ ಎತ್ತುವುದಿಲ್ಲ. ಬಾಗಿಲು ತೆರೆದೇ ಇದೆ, ಒಳಗೆ ಬರಬಲ್ಲ ಚೆಂಡು ಇನ್ನೂ ಹುಟ್ಟಬೇಕಾಗಿದೆ.

ತೊಗಲನ್ನು ಬಿಡುವ ಮಾತಾಡುವಾಗ ನಮ್ಮ ದೇಶದಲ್ಲಿ ಒಂದು ಎಚ್ಚರ ಅಗತ್ಯ. 1876 ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಲ್ವಾಂಕರ್ ಬಾಳೂ ತೊಗಲಿನ ಕಸಬಿನ, ಅಸ್ಪೃಶ್ಯವೆಂದು ದೂರವಿಟ್ಟ ಸಮುದಾಯದವನು. ಅವನು 1911 ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿದ್ದು ಆ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ಟುಗಳನ್ನು ಉರುಳಿಸಿದನು. ಪೂನಾದಲ್ಲಿ ಅವನು ಎಸೆದ ತೊಗಲಿನ ಚೆಂಡನ್ನು ಮುಟ್ಟಲು ಹಿಂಜರಿಯದ ಸಂಗಡಿಗರು ಚಹಾದ ವೇಳೆಗೆ ಅವನನ್ನು ಹೊರಗೆ ನಿಲ್ಲಿಸಿ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಪ್ರಾಣಿಯ ಮೇಲಿನ ಕರುಣೆಯಿಂದ ತೊಗಲನ್ನು ಬಿಡುವುದು ಬೇರೆ, ತೊಗಲು ಹದಮಾಡುವವನನ್ನು ಹೇಸುವುದು ಬೇರೆ. ಎರಡನೆಯದಕ್ಕೆ ಮೊದಲನೆಯದರ ವೇಷ ಹಾಕಬಾರದೆಂದು ನಾವು ವಿದ್ಯಾರ್ಥಿಗೆ ಹೇಳಿದೆವು, ಅವನು ಒಪ್ಪಿದನು.

ಟೆನಿಸ್ಸಿನಲ್ಲಿ ತೊಡಕು ತಂತಿಯದು. ‘ಕ್ಯಾಟ್‌ಗಟ್’ ಎಂಬ ಹೆಸರನ್ನು ಕೇಳಿ ಬೆಕ್ಕಿನ ಕರುಳೆಂದು ಹೆದರಬೇಕಾಗಿಲ್ಲ. ಹಿಂದೆ ಅದು ಕುರಿಯದು, ಈಗ ದನದ್ದು. ಫ್ರಾನ್ಸಿನ ಬಬೊಲಾ ಮನೆತನವು 1875 ರಿಂದ ಇದನ್ನು ತಯಾರಿಸುತ್ತಿದೆ. ಕರುಳಿನ ತಂತಿ ಬಹಳ ಹಿಗ್ಗಿ, ಹಿಗ್ಗಿದುದನ್ನೆಲ್ಲ ಮರಳಿಸುತ್ತದೆ. ಬಿಗಿಯನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. 1997 ರಲ್ಲಿ ಬ್ರೆಜ಼ಿಲಿನ ಗುಸ್ಟಾವೋ ಕುಯೆರ್ಟೆನ್ ಪಾಲಿಯೆಸ್ಟರ್ ತಂತಿಯಿಂದ ಫ್ರೆಂಚ್ ಪ್ರಶಸ್ತಿಯನ್ನು ಗೆದ್ದ ಮೇಲೆ ಗಾಳಿ ಬೇರೆ ಕಡೆಗೆ ಬೀಸಿತು. ನುಣುಪಾದ ಪಾಲಿಯೆಸ್ಟರ್ ತಂತಿ ಚೆಂಡಿನೊಡನೆ ಪಕ್ಕಕ್ಕೆ ಸರಿದು ಫಕ್ಕನೆ ಹಿಂದಿರುಗುವುದರಿಂದ ಚೆಂಡಿಗೆ ಹೆಚ್ಚು ತಿರುಗು ಬರುತ್ತದೆ. ಎರಡರ ಗುಣವೂ ಬೇಕೆನ್ನುವವರು ಉದ್ದಕ್ಕೆ ಕರುಳು, ಅಡ್ಡಕ್ಕೆ ಪಾಲಿಯೆಸ್ಟರ್ ಹಾಕಿಸುತ್ತಾರೆ. ಸಸ್ಯಮೂಲದ ಆಹಾರವನ್ನೇ ಸೇವಿಸುತ್ತೇನೆಂದು ಹೇಳಿಕೊಂಡಿರುವ ನೊವಾಕ್ ಜೊಕೊವಿಚ್ ಆಡಿ ಗೆದ್ದುದು ಇಂಥ ಬೆರಕೆಯ ತಂತಿಗಳಿಂದಲೇ. ಸ್ವತಃ ಆಡುವವನ ಸ್ಥಿತಿಯೇ ಹೀಗಿರುವಲ್ಲಿ ನೋಡುವವನನ್ನು ಬಹಳವಾಗಿ ಆಕ್ಷೇಪಿಸುವುದು ಹೇಗೆ?

ಬ್ಯಾಡ್ಮಿಂಟನ್ ಪ್ರಕಾಶ ಪಡುಕೋಣೆಯವರ ಆಟ. ಅವರು 1980 ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿಯನ್ನು ಬೆಂಗಳೂರಿಗೆ ತಂದ ಮೇಲೆ ಕನ್ನಡಿಗರಿಗೆ ಅದು ಮನೆಯ ಆಟವೇ ಆಗಿದೆ. ಶಟಲ್‌ಕಾಕಿನಲ್ಲಿ ಹದಿನಾರು ಗರಿಗಳು, ಉತ್ತಮವಾದವು ಹೆಬ್ಬಾತಿನವು. ಎಡರೆಕ್ಕೆಯ ಗರಿಗೆ ಬಲರೆಕ್ಕೆಯದನ್ನು ಬೆರೆಸುವುದಿಲ್ಲ, ಏಕೆಂದರೆ ಅವುಗಳ ಬಾಗು ಬೇರೆ. ಇಷ್ಟೆಲ್ಲ ಸೇರಿ ತೂಕ 4.74 ರಿಂದ 5.50 ಗ್ರಾಂ ಮಾತ್ರ. ಗರಿಯ ದಂಟು ಹೊರಗೆ ಗಡುಸು, ಒಳಗೆ ನೊರೆಯಂಥ ತಿರುಳು. ಇಷ್ಟು ಹಗುರವಾಗಿದ್ದು ಇಷ್ಟು ಸೆಡೆತವುಳ್ಳ ವಸ್ತು ಅಪರೂಪ. ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿಯ ಹೊಡೆತವೊಂದು 2023 ರಲ್ಲಿ ಗಂಟೆಗೆ 565 ಕಿಲೋಮೀಟರ್ ವೇಗದ ದಾಖಲೆ ಮಾಡಿತು. ಇಂಥ ಬಲವಾದ ಹೊಡೆತಕ್ಕೆ ನೈಲಾನ್ ಲಂಗವು ಮುದುಡಿ ಕಿರಿದಾಗುತ್ತದೆ. ಗಾಳಿಯ ತಡೆ ತಗ್ಗಿ ಶಟಲ್‌ಕಾಕು ಎಣಿಸಿದ್ದಕ್ಕಿಂತ ದೂರ ಹೋಗುತ್ತದೆ. ಗರಿಯದು ಅಷ್ಟಾಗಿ ಮುದುಡದೆ ಥಟ್ಟನೆ ವೇಗ ಕಳೆದುಕೊಂಡು ಕಡಿದಾಗಿ ಇಳಿಯುತ್ತದೆ. ಆದರೂ ಬಿಡಿಬಿಡಿಯಾದ ಕೃತಕ ಗರಿಗಳನ್ನು ಮಾಡುವ ಪ್ರಯತ್ನ ಮುಂದುವರಿದು, ಅಂತರರಾಷ್ಟ್ರೀಯ ಸಂಸ್ಥೆಯು 2021 ರಿಂದ ತನ್ನ ಪಂದ್ಯಗಳಲ್ಲಿ ಅಂಥವನ್ನು ಬಳಸಲು ಅನುಮತಿ ಕೊಡುವುದಾಗಿ 2020 ರಲ್ಲಿ ಸಾರಿತು.

ಕೃತಕ ವಸ್ತುಗಳೂ ದೋಷವಿಲ್ಲದವಲ್ಲ. ಅವು ಬಹುಮಟ್ಟಿಗೆ ಪೆಟ್ರೋಲಿಯಮಿನ ಮಕ್ಕಳು, ಮಣ್ಣಿನಲ್ಲಿ ಬೇಗ ಕೊಳೆಯುವವಲ್ಲ. ತೊಗಲು ಹೇಗೂ ಮಾಂಸದ ಮತ್ತು ಹೈನಿನ ಉಪೋತ್ಪನ್ನವಲ್ಲವೆ, ಚೆಂಡಿಗಾಗಿ ಯಾರೂ ಹಸುವನ್ನು ಕೊಲ್ಲುವುದಿಲ್ಲವೆಂದು ವಾದಿಸುವವರೂ ಉಂಟು. ಅದು ಅರ್ಧ ನಿಜ. ತೊಗಲಿಗೆ ದೊರೆಯುವ ಬೆಲೆಯೂ ಆ ವ್ಯಾಪಾರದ ಆದಾಯದಲ್ಲಿ ಸೇರಿದೆ. ವೀಗನ್ ಸಂಘದವರ ವ್ಯಾಖ್ಯೆಯಲ್ಲಿಯೇ ‘ಸಾಧ್ಯವಾದಷ್ಟು, ಆಚರಿಸಬಲ್ಲಷ್ಟು’ ಎಂಬರ್ಥದ ಮಾತಿದೆ. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ನಾವು ವಿದ್ಯಾರ್ಥಿಗೆ ಹೇಳಲಿಲ್ಲ. ನೋಡುವ ಚೆಂಡು ಅವನ ಕೈಯಲ್ಲಿಲ್ಲ, ಆಡುವ ಚೆಂಡು ಇದೆ ಎಂದಷ್ಟೇ ನೆನಪಿಸಿದೆವು.

ಅವನು ಟೆಸ್ಟ್ ಪಂದ್ಯಗಳನ್ನು ಈಗಲೂ ನೋಡುತ್ತಾನೆ. ವಿದ್ಯಾರ್ಥಿನಿಲಯದ ಬ್ಯಾಡ್ಮಿಂಟನ್ ಅಂಗಳಕ್ಕೆ ನೈಲಾನಿನ ಶಟಲ್‌ಕಾಕುಗಳನ್ನೇ ತರಿಸಬೇಕೆಂದು ಕ್ರೀಡಾ ಕಾರ್ಯದರ್ಶಿಗೆ ಅರ್ಜಿ ಕೊಟ್ಟನಂತೆ. ಹೆಬ್ಬಾತಿನ ಮೇಲಿನ ದಯೆಯ ಮಾತಿಗೆ ಕಾರ್ಯದರ್ಶಿ ಮುಗುಳ್ನಕ್ಕು ಸುಮ್ಮನಾದನು. ಒಂದು ನೈಲಾನಿನದು ಹಲವು ಗರಿಯವುಗಳಷ್ಟು ಕಾಲ ಬಾಳುತ್ತದೆಂಬ ಲೆಕ್ಕವನ್ನು ನೋಡಿದೊಡನೆ ರುಜು ಹಾಕಿದನು.